28ನೇ ದಿನದ ಫೋನು

ನಮ್ಮ ಕ್ಯಾಶುವಾಲಿಟಿಯಲ್ಲಿ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಔಷಧ ಕೊಟ್ಟು ಎಷ್ಟು ಜನ ಬದುಕಿದರು ಎಂದು ಲೆಕ್ಕ ಇಡಲು ಹೊರಟಾಗ, "ಕ್ರ್ಯಾಶ್-2 ಬಂದು ಎಷ್ಟೋ ವರ್ಷ ಆಯ್ತಲ್ಲ, ಮತ್ತೇನು ನೋಡೋದು?" ಎಂದರು ಜೊತೆಯವರು. 2010ರ ಆ ಪ್ರಯೋಗದಲ್ಲಿ 20,000ಕ್ಕೂ ಜಾಸ್ತಿ ಗಾಯಾಳುಗಳಿದ್ದರು. ಔಷಧ ಪಡೆದವರಲ್ಲಿ ಸಾವು ಶೇ. 14.5, ಪಡೆಯದವರಲ್ಲಿ ಶೇ. 16. ಸರಿ, ಆದರೆ ಗಾಯವಾಗಿ ಮೂರು ಗಂಟೆ ಮೀರಿದರೆ ಅದೇ ಔಷಧ ಕೆಡುಕು ಮಾಡಬಹುದು. ನಮ್ಮ ಹೆದ್ದಾರಿ ಕೇಸುಗಳು ಎರಡು ಆಸ್ಪತ್ರೆ ಸುತ್ತಿಯೇ ನಮ್ಮಲ್ಲಿಗೆ ಬರುತ್ತಿದ್ದವು.

ಮೊದಲ ವರ್ಷದ ಲೆಕ್ಕ ಅದ್ಭುತವಾಗಿ ಬಂತು. ಔಷಧ ಪಡೆದವರು ಬಹುತೇಕ ಬದುಕಿದ್ದರು. ವಾರದ ಮೇಲೆ ಕೇಸ್ ಶೀಟ್ ತಿರುವಿದಾಗ ಎದೆ ಝಲ್ ಎಂದಿತು. ಔಷಧ ಸಿಗದವರಲ್ಲಿ ಅರ್ಧದಷ್ಟು ಜನ ಬಂದ ಹತ್ತು ನಿಮಿಷದಲ್ಲೇ ತೀರಿಕೊಂಡಿದ್ದರು. ಐವಿ ಹಾಕಲೂ ಹೊತ್ತಿರಲಿಲ್ಲ, ಔಷಧ ಸಿಗದ್ದಕ್ಕೆ ಸತ್ತವರಲ್ಲ ಅವರು. ಬೆಂಗಳೂರಿಗೆ ಕಳಿಸಿದವರನ್ನೆಲ್ಲ 'ಬದುಕಿದ್ದಾರೆ' ಎಂದು ಬರೆದಿದ್ದೆವು!

ಆಮೇಲೆ ಪದ್ಧತಿ ಬದಲಿಸಿದೆ. ಔಷಧದ ಮೊದಲ ಡೋಸ್, ಒಂದು ಗ್ರಾಂ, ತಾಲ್ಲೂಕು ಆಸ್ಪತ್ರೆಯಲ್ಲೇ ಕೊಡಿಸಿದೆವು. ಔಷಧ ಸಿಗಲಿ ಬಿಡಲಿ, ರಕ್ತ ಸುರಿಯುತ್ತಾ ಅಲ್ಲಿಗೆ ಬಂದವರೆಲ್ಲ ಲೆಕ್ಕಕ್ಕೆ. ಹಿಂದಿನ ವರ್ಷದವರನ್ನೂ ಅದೇ ರೀತಿ ಎಣಿಸಿದೆವು. ಬದುಕಿದ್ದಾರಾ ಎಂದು ಕೇಳಲು 28ನೇ ದಿನ ಮನೆಗೆ ಫೋನು. ಅದಕ್ಕೊಬ್ಬ ಹುಡುಗನಿಗೆ ತಿಂಗಳಿಗೆ 7,000 ರೂಪಾಯಿ. ಹದಿನಾಲ್ಕು ತಿಂಗಳಿಗೆ ಒಂದು ಲಕ್ಷದ ಹತ್ತಿರ ನನ್ನ ಜೇಬಿನಿಂದಲೇ ಹೋಯಿತು. ಮನೆಯಲ್ಲಿ ಜಗಳವೂ ಆಯಿತು. ಅರ್ಧ ನಂಬರು ಸ್ವಿಚ್ ಆಫ್. ಎರಡನೇ ನಂಬರು ಬರೆಸಿಕೊಂಡೆವು. ಈಗ ಹತ್ತರಲ್ಲಿ ಒಂಬತ್ತು ಜನರ ಸುದ್ದಿ ಸಿಗುತ್ತದೆ. ಒಬ್ಬ ಮಗ ಹೇಳಿದ: "ಅಪ್ಪ ದಾರೀಲೇ ಹೋದ್ರು ಸಾರ್. ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ."

ಗಾಯದ ಹೊತ್ತು ಕೇಳಿದರೆ ಎಲ್ಲರೂ "ಈಗ ತಾನೇ" ಎನ್ನುತ್ತಾರೆ. 108ಕ್ಕೆ ಕರೆ ಹೋದ ಸಮಯವೇ ನಮಗೆ ಆಧಾರ. ಅದನ್ನು ಗಾಯಾಳುವಿನ ಮುಂಗೈ ಮೇಲೆ ಮಾರ್ಕರಿನಿಂದ ಬರೆದು ನೋಡಿದೆವು, ರಕ್ತದಲ್ಲಿ ಅಳಿಸಿಹೋಯಿತು. ಪ್ಲಾಸ್ಟರ್ ಮೇಲೆ ಬರೆದರೆ ಉಳಿಯುತ್ತದೆ.

ಮೊದಲು ಗಾಯವಾದ ಮೇಲೆ ಔಷಧ ದೇಹಕ್ಕೆ ಸೇರಲು ಮೂರೂವರೆ ಗಂಟೆ ಹಿಡಿಯುತ್ತಿತ್ತು, ಈಗ ಸುಮಾರು ಒಂದೂಕಾಲು. ಸಾವು ಇಳಿದಿದೆ. ಅದೇ ಹೊತ್ತಿಗೆ ರಕ್ತನಿಧಿಯೂ ಬಂದಿದ್ದರಿಂದ ಪೂರ್ತಿ ಶ್ರೇಯ ಔಷಧಕ್ಕೆ ಕೊಡಲಾರೆ. ಆದರೆ ಯಾರ್ಯಾರು ಸತ್ತರು ಎಂಬುದು ಈ ಭಾಗದಲ್ಲಿ ನಮ್ಮಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. "ಸುಮ್ನೆ ಪುಸ್ತಕ ತುಂಬಿಸ್ತೀರಿ" ಎಂದಿದ್ದ ಹಿರಿಯರೇ ಕಳೆದ ವಾರ ನಮ್ಮ ರಿಜಿಸ್ಟರಿನ ನಮೂನೆ ತರಿಸಿಕೊಂಡರು. ಈ ತಿಂಗಳಿಂದ ಪೆಲ್ವಿಕ್ ಬೈಂಡರ್ (ಸೊಂಟದ ಮೂಳೆ ಮುರಿದಾಗ ಬಿಗಿಯುವ ಪಟ್ಟಿ) ಲೆಕ್ಕವೂ ಅದೇ ಪುಸ್ತಕದಲ್ಲಿ ಶುರುವಾಗಿದೆ.