ಹಿತ್ತಲಿಗೊಂದು ಹೆರಳೆ ಗಿಡ

ಮಗಳು ಒಮ್ಮೆ ಶ್ರೀನಗರಕ್ಕೆ ಹೋದವಳು ನಾಲ್ಕು ಕ್ವಿನ್ಸ್ ಹಣ್ಣು ತಂದಿದ್ದಳು. ಅಲ್ಲಿ ಅದಕ್ಕೆ ಬಮ್‌ಚೂಂಟ್ ಅನ್ನುತ್ತಾರೆ, ಬದನೆಕಾಯಿ ಜೊತೆ ಬೇಯಿಸುತ್ತಾರೆ. ಹಸಿಯಾಗಿ ಕಚ್ಚಿದರೆ ಬರೀ ಹುಳಿ, ಒಗರು. ಆದರೆ ಪರಿಮಳ ಮಾತ್ರ ಮನೆಯೆಲ್ಲ ತುಂಬಿತ್ತು. "ಅಮ್ಮ, ನಮ್ಮ ಹಿತ್ತಲಲ್ಲೂ ಇದನ್ನ ಹಾಕೋಣ" ಅಂದಳು. ಬೇಡ ಅಂದೆ. ಅದು ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡುವ ಮರ, ಮೈಸೂರಿನ ಚಳಿ ಅದಕ್ಕೆ ಎಲ್ಲಿ ಸಾಲುತ್ತದೆ? ಹಸಿಯಾಗಿ ತಿನ್ನಲು ಬಾರದ, ಒಲೆ ಹತ್ತಿರ ಬಂದ ಮೇಲೆ ರುಚಿ ಬಿಡುವ, ಕೈಗೆ ಪರಿಮಳ ಅಂಟಿಸುವ ಹಣ್ಣು ನಮ್ಮಲ್ಲೇ ಇದೆ, ಅದೇ ನಿಂಬೆ ಜಾತಿಯ ಹೆರಳೆಕಾಯಿ. ಈಚೆಗೆ ಅದನ್ನು ನೆಡುವವರೇ ಕಡಿಮೆ. ನನಗೆ ನಿಜವಾಗಿ ಬೇಸರವಾಗುತ್ತದೆ.

ಹೊಸ ಮನೆ ಕಟ್ಟಿದವರೆಲ್ಲ ಮೊದಲು ಕೇಳುವುದು ಮಾವು, ಹಲಸು. ಸಣ್ಣ ಸೈಟಿನಲ್ಲಿ ಅವು ಹತ್ತು ವರ್ಷಕ್ಕೆ ಪಕ್ಕದ ಮನೆ ಗೋಡೆಗೆ ಒರಗುತ್ತವೆ. ಹೆರಳೆಯನ್ನು ವರ್ಷಕ್ಕೊಮ್ಮೆ ಸವರಿದರೆ ಹತ್ತು ಹನ್ನೆರಡು ಅಡಿಯಲ್ಲೇ ನಿಲ್ಲಿಸಬಹುದು. ಒಂದು ಮರ ಇದ್ದರೆ ಸಾಕು, ಕಾಯಿ ಕಚ್ಚಲು ಜೊತೆ ಮರ ಬೇಕಿಲ್ಲ. ಮುಳ್ಳು ಮಾತ್ರ ಇರುತ್ತದೆ, ಆದ್ದರಿಂದ ಮಕ್ಕಳು ಓಡಾಡುವ ದಾರಿಯ ಪಕ್ಕ ಬೇಡ.

ಗಿಡ ತರುವ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಒಂದು ನರ್ಸರಿಯಲ್ಲಿ ಹೆರಳೆ ಕಸಿ ಅಂತ ಹೇಳಿ ಕೊಟ್ಟರು, ಎಲೆ ಹಸಿರಾಗಿ ಚೆನ್ನಾಗಿತ್ತು, ನಾನೂ ಹೆಚ್ಚು ನೋಡದೆ ತಂದು ನೆಟ್ಟೆ, ನೀರು ಗೊಬ್ಬರ ಎಲ್ಲ ಹಾಕಿ ನಾಲ್ಕು ವರ್ಷ ಕಾದೆ, ಕೊನೆಗೆ ಬಿಟ್ಟಿದ್ದು ಪುಟ್ಟ ಪುಟ್ಟ ಕಾಡುನಿಂಬೆ. ಆಗಿದ್ದು ಏನು ಅಂದ್ರೆ, ಮೇಲಿನ ಹೆರಳೆ ಭಾಗ ಒಣಗಿ ಹೋಗಿತ್ತು, ಕೆಳಗಿನ ಬೇರುಗಿಡವೇ ಚಿಗುರಿ ಮರವಾಗಿತ್ತು. ಅಂದಿನಿಂದ ಕಸಿ ಗಿಡ ಕೊಳ್ಳುವಾಗ ಬಗ್ಗಿ ನೋಡುತ್ತೇನೆ. ಕಾಂಡದ ಬುಡದ ಹತ್ತಿರ ಗಂಟಿನ ಹಾಗೆ ಒಂದು ಕಡೆ ಉಬ್ಬಿರುತ್ತದೆ, ಅದೇ ಕಸಿ ಕಟ್ಟಿದ ಜಾಗ. ಚಿಗುರು ಅದಕ್ಕಿಂತ ಮೇಲೆ ಇರಬೇಕು. ಕೆಳಗಿನಿಂದ ಬಂದದ್ದನ್ನು ಕಂಡ ತಕ್ಷಣ ಕಿತ್ತು ಬಿಡಿ. ನೆಡುವಾಗಲೂ ಆ ಗಂಟು ಮಣ್ಣಿನೊಳಗೆ ಹೋಗಬಾರದು.

ಹೆಸರನ್ನೂ ನಂಬಬೇಡಿ. ಒಂದು ಊರಲ್ಲಿ ಹೆರಳೆ ಅಂದದ್ದನ್ನು ಇನ್ನೊಂದು ಊರಲ್ಲಿ ಕಂಚಿ ಅನ್ನುತ್ತಾರೆ, ಕೆಲವರು ಮಾದಲವನ್ನೂ ಅದರ ಜೊತೆ ಸೇರಿಸುತ್ತಾರೆ. ಮಾದಲಕ್ಕೆ ಸಿಪ್ಪೆ ದಪ್ಪ, ರಸ ಕಡಿಮೆ. ಚಿತ್ರಾನ್ನ ಮಾಡುವ ಆಸೆ ಇದ್ದವರು ಅದನ್ನು ನೆಟ್ಟರೆ ನಿರಾಸೆ. ನನ್ನ ಕೇಳಿದರೆ, ನಿಮಗೆ ಗೊತ್ತಿರುವ ಮನೆಯಲ್ಲಿ ಒಳ್ಳೆಯ ಮರ ಇದ್ದರೆ ಅದರ ಕಾಯಿ ತಂದು ಅಡುಗೆ ಮಾಡಿ ನೋಡಿ. ಇಷ್ಟವಾದರೆ ಅದೇ ಮರದಿಂದ ಗೂಟಿ ಕಟ್ಟಿ. ಮಳೆಗಾಲ ಶುರುವಾದಾಗ ಪೆನ್ಸಿಲ್ ದಪ್ಪದ ಕೊಂಬೆಯ ಸುತ್ತ ಒಂದಂಗುಲ ತೊಗಟೆ ಬಿಡಿಸಿ, ಒದ್ದೆ ತೆಂಗಿನ ನಾರಿನ ಪುಡಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿಯಾಗಿ ಕಟ್ಟಬೇಕು. ಎರಡು ತಿಂಗಳ ಆಸುಪಾಸಿನಲ್ಲಿ ಬಿಳಿ ಬೇರು ಕಾಣುತ್ತದೆ. ಆಮೇಲೆ ಕತ್ತರಿಸಿ, ಕುಂಡದಲ್ಲಿ ನೆರಳಿನಲ್ಲಿ ಸ್ವಲ್ಪ ದಿನ ಸಾಕಿ, ಗಟ್ಟಿಯಾದ ಮೇಲೆ ನೆಲಕ್ಕೆ ಇಳಿಸಿ. ತಾಯಿಮರದ ಗುಣ ಹಾಗೇ ಬರುತ್ತದೆ, ಮೂರು ವರ್ಷಕ್ಕೆಲ್ಲ ಕಾಯಿ ನೋಡಬಹುದು. ಬೀಜದ ಗಿಡಕ್ಕೆ ಐದಾರು ವರ್ಷವಾದರೂ ಕಾಯಬೇಕು, ಮುಳ್ಳೂ ಜಾಸ್ತಿ.

ಜಾಗಕ್ಕೆ ಆರು ಗಂಟೆ ಬಿಸಿಲು ಬೀಳಬೇಕು. 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಸಗಣಿ ಬೇಡವೇ ಬೇಡ.

ಇನ್ನು ನೀರು. ಈ ಜಾತಿಯ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಬುಡದಲ್ಲಿ ನೀರು ನಿಂತು ಸಾಯುವುದೇ ಹೆಚ್ಚು ಅಂತ ನನ್ನ ಅನುಭವ. ಕಾಂಡಕ್ಕೆ ತಾಗಿಸಿ ಪಾತಿ ಮಾಡಿದರೆ ಬುಡ ಕೊಳೆತು ಅಂಟು ಸುರಿಯುತ್ತದೆ. ಅದಕ್ಕೇ ಎರಡು ಸುತ್ತು ಪಾತಿ ಮಾಡಬೇಕು. ಕಾಂಡದ ಸುತ್ತ ಒಂದು ಅಡಿಯಷ್ಟು ಮಣ್ಣು ಏರಿಸಿ, ಅದರ ಆಚೆಗೆ ನೀರು ನಿಲ್ಲುವ ಪಾತಿ ತೆಗೆಯಿರಿ. ಬೇರು ಮೇಲುಮೇಲೆಯೇ ಹರಡಿರುತ್ತದೆ, ಗುದ್ದಲಿ ಹಾಕಿ ಆಳಕ್ಕೆ ಅಗೆಯಬೇಡಿ, ಕಳೆಯನ್ನು ಕೈಯಲ್ಲೇ ಕೀಳಿ, ಮೇಲೆ ತರಗೆಲೆ ಹೊದಿಸಿ. ಹಾಗೆಯೇ ಹದಿನೈದು ದಿನ ಒಣಗಿಸಿ ಆಮೇಲೆ ಒಂದೇ ಸಲ ಧಾರಾಳವಾಗಿ ಸುರಿದರೆ ಮಿಡಿಕಾಯಿ ಉದುರುತ್ತದೆ.

ಹುಳುವಿಗೆ ಹೆದರಬೇಡಿ. ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡರೆ ಹತ್ತಿರ ಹೋಗಿ ನೋಡಿ. ಎಷ್ಟೋ ಸಲ ಅದು ನಿಂಬೆ ಚಿಟ್ಟೆಯ ಮರಿಹುಳು, ಬೆಳೆದ ಮೇಲೆ ಹಸಿರಾಗಿ ಎಲೆಯಲ್ಲೇ ಅಡಗುತ್ತದೆ. ಎಳೆ ಗಿಡವನ್ನು ನಾಲ್ಕು ದಿನದಲ್ಲಿ ಬೋಳು ಮಾಡಿಬಿಡುತ್ತದೆ. ಬೆಳಿಗ್ಗೆ ಕೈಯಿಂದ ಆರಿಸಿ ತೆಗೆಯಿರಿ. ದೊಡ್ಡ ಮರವಾದರೆ ನಾನು ಸುಮ್ನೆ ಬಿಡುತ್ತೇನೆ, ನಾಲ್ಕು ಎಲೆ ಚಿಟ್ಟೆಗೂ ಇರಲಿ. ಚಿಗುರೆಲೆಯಲ್ಲಿ ಬೆಳ್ಳಿ ಗೆರೆ ಹಾವಿನ ಹಾಗೆ ಓಡಿದ್ದರೆ ಅದು ರಂಗೋಲಿ ಹುಳು. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪಿನ ನೀರು ಕಲಸಿ ಸಂಜೆ ಹೊತ್ತು ಚಿಗುರಿಗೆ ಸಿಂಪಡಿಸಿ. ಕಾಂಡದ ಮೇಲೆ ಇರುವೆ ಸಾಲು ಹತ್ತಿದ್ದರೆ ಮೇಲೆಲ್ಲೋ ಹೇನು ಅಥವಾ ಹಿಟ್ಟುತಿಗಣೆ ಸೇರಿಕೊಂಡಿದೆ ಅಂತಲೇ ತಿಳಿಯಿರಿ.

ಕಾಯಿ ಎಳೆಯಬೇಡಿ, ತೊಟ್ಟು ಸ್ವಲ್ಪ ಉಳಿಸಿ ಕತ್ತರಿಯಿಂದ ಕತ್ತರಿಸಿ. ಎಳೆದರೆ ತೊಟ್ಟಿನ ಜಾಗ ಕಿತ್ತು ಅಲ್ಲಿಂದಲೇ ಕೊಳೆಯುತ್ತದೆ.

ಹೆರಳೆ ಕಹಿ ಅಂತ ದೂರುವವರು ಬಹಳ ಜನ. ಕಹಿ ಹೆಚ್ಚಾಗುವುದು ನಮ್ಮ ಕೈಯಿಂದಲೇ. ಬೀಜದ ಸಮೇತ ಹಿಂಡಿದರೆ, ಸಿಪ್ಪೆ ಒಳಗಿನ ಬಿಳಿ ಭಾಗ ನುಜ್ಜುಗುಜ್ಜಾಗುವಷ್ಟು ಒತ್ತಿದರೆ, ಹಿಂಡಿದ ರಸ ಗಂಟೆಗಟ್ಟಲೆ ಇಟ್ಟರೆ, ಇಲ್ಲವೇ ರಸ ಹಾಕಿ ಕುದಿಸಿದರೆ ಕಹಿಯಾಗುತ್ತದೆ. ಚಿತ್ರಾನ್ನಕ್ಕೆ ಸಾಸಿವೆ, ಕಡಲೆಬೇಳೆ, ಇಂಗು, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ ಮಾಡಿ ಒಲೆ ಆರಿಸಿ. ಒಗ್ಗರಣೆ ಬೆಚ್ಚಗಾದ ಮೇಲೆ ಬೀಜ ತೆಗೆದ ಹೋಳನ್ನು ಮೆಲ್ಲಗೆ ಹಿಂಡಿ, ಉಪ್ಪು ಹಾಕಿ, ಆರಿದ ಉದುರು ಅನ್ನ ಕಲಸಿ. ಹಿಂಡಿ ಉಳಿದ ಸಿಪ್ಪೆಯನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಉಪ್ಪು ಬೆರೆಸಿ ಜಾಡಿಗೆ ಹಾಕಿ, ದಿನಕ್ಕೊಮ್ಮೆ ಒಣ ಸೌಟಿನಿಂದ ಕದಡುತ್ತಿರಿ. ಹತ್ತು ಹದಿನೈದು ದಿನಕ್ಕೆ ಸಿಪ್ಪೆ ಮೆತ್ತಗಾದರೆ ಖಾರ, ಮೆಂತ್ಯದ ಪುಡಿ ಹಾಕುವ ಹೊತ್ತು ಬಂತು ಅಂತ ಲೆಕ್ಕ.