ಬಿಸಿಲಿನಲ್ಲಿ ಮನೆ ಖರೇದಿ: ಏನು ನೋಡಬೇಕು, ಯಾರನ್ನು ಕೇಳಬೇಕು

ಯುಗಾದಿ ಮುಗಿಯಿತೆಂದರೆ ವಿಜಯಪುರದಲ್ಲಿ ಮನೆ ನೋಡುವವರ ಓಡಾಟ ಶುರುವಾಗುತ್ತದೆ. ಮಕ್ಕಳಿಗೆ ಸೂಟಿ. ಶಾಲೆ ಆರಂಭವಾಗುವುದರೊಳಗೆ ಹೊಸ ಮನೆ ಸೇರಬೇಕೆಂಬ ಆಸೆ. ಅಕ್ಷಯ ತೃತೀಯ, ಬಸವ ಜಯಂತಿ ಒಂದೇ ದಿನ ಬರುವುದರಿಂದ ಅಂದೇ ಸಂಚಕಾರ (ಮುಂಗಡ ಹಣ) ಕೊಟ್ಟುಬಿಡೋಣ ಎಂಬ ಅವಸರ ಬೇರೆ. ಮುಹೂರ್ತಕ್ಕಾಗಿ ಓಡಬೇಡಿ. ನಮ್ಮ ಕಡೆ ಮನೆ ನೋಡಲು ಬೇಸಿಗೆಯೇ ಒಳ್ಳೆಯ ಕಾಲ. ನೀರಿನ ಕೊರತೆ, ಸೆಕೆ, ನೆಲದ ಬಿರುಕು ಈ ಮೂರನ್ನೂ ಈಗ ಯಾರಿಂದಲೂ ಮುಚ್ಚಿಡಲು ಆಗುವುದಿಲ್ಲ. ಮಳೆ ಬಂದಾಗ ಹೊರಬೀಳುವ ದೋಷ ಮಾತ್ರ ಈಗ ಒಂದೂ ಕಾಣುವುದಿಲ್ಲ. ಅದನ್ನು ಹುಡುಕಿ ತೆಗೆಯಬೇಕು.

ಮಧ್ಯಾಹ್ನ ಮೂರಕ್ಕೆ ಹೋಗಿ

ಏಜೆಂಟರು ಬೆಳಿಗ್ಗೆ ಎಂಟಕ್ಕೋ ಸಂಜೆ ಆರಕ್ಕೋ ಕರೆಯುತ್ತಾರೆ. ನೀವು ಮಧ್ಯಾಹ್ನ ಮೂರಕ್ಕೆ ಹೋಗಿ. ಹೊರಗೆ 40 ಡಿಗ್ರಿ ಇರುವಾಗ ಮಲಗುವ ಕೋಣೆಯಲ್ಲಿ ಫ್ಯಾನ್ ಬಂದ್ ಮಾಡಿ ಹತ್ತು ನಿಮಿಷ ಕುಳಿತರೆ ಮನೆಯ ಗುಣ ಮೈಗೇ ತಿಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ ಹೋಗಿ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ. ಹಗಲೆಲ್ಲ ಕಾದ ಗೋಡೆ, ಸ್ಲ್ಯಾಬು ರಾತ್ರಿಯಿಡೀ ಆ ಬಿಸಿಯನ್ನು ಒಳಗೆ ಬಿಡುತ್ತಿರುತ್ತವೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆಗಳು ತಡೆಯುತ್ತಿದ್ದ ಸೆಕೆಯನ್ನು ಇಂದಿನ ತೆಳು ಗೋಡೆಗಳು ತಡೆಯಲಾರವು. ಮೇಲಿನ ಮಹಡಿಯ ಮನೆಯಾದರೆ ಇದನ್ನು ಎರಡು ಪಟ್ಟು ಗಮನವಿಟ್ಟು ನೋಡಿ.

ನೀರು: ಮನೆಯ ಅರ್ಧ ಬೆಲೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇದೇ. ಮಾರುವವರನ್ನು ಕೇಳಿದರೆ 'ನೀರಿಗೇನೂ ಕೊರತಿ ಇಲ್ರಿ' ಎನ್ನುತ್ತಾರೆ. ಪಕ್ಕದ ಮನೆಯ ಬಾಗಿಲಲ್ಲಿ ಕುಳಿತ ಹಿರಿಯ ಹೆಣ್ಣುಮಗಳನ್ನು ಕೇಳಿ: 'ಅಕ್ಕಾರ, ನಳಾ ಎಷ್ಟ ದಿನಕ್ಕೊಮ್ಮೆ ಬರ್ತೈತ್ರಿ? ಮೇ ತಿಂಗಳಾಗ ಟ್ಯಾಂಕರ್ ತರಸ್ತೀರೇನ್ರಿ?' ಅವರು ಸುಳ್ಳು ಹೇಳುವುದಿಲ್ಲ, ಹೇಳಬೇಕಾದ ಗರಜೂ ಅವರಿಗಿಲ್ಲ.

ಬೋರ್‌ವೆಲ್ ಇದ್ದರೆ ನಿಮ್ಮೆದುರೇ ಅರ್ಧ ತಾಸು ಓಡಿಸಿ. ಮೊದಲ ಐದು ನಿಮಿಷ ಎಲ್ಲ ಬೋರೂ ಜೋರಾಗಿಯೇ ಬರುತ್ತದೆ. ಆರಂಭದಲ್ಲಿ ಒಂದು ಬಕೆಟ್ ಎಷ್ಟು ಸೆಕೆಂಡಿಗೆ ತುಂಬಿತು, ಅರ್ಧ ತಾಸಿನ ನಂತರ ಎಷ್ಟಕ್ಕೆ ತುಂಬಿತು ಎಂದು ಮೊಬೈಲಿನಲ್ಲಿ ಎಣಿಸಿ. ನಡುವೆ ಗಾಳಿ ಉಗುಳಿದರೆ ಅಥವಾ ಕೆಸರು ಬಂದರೆ ಆ ಬೋರನ್ನು ನಂಬಿ ಮನೆ ಕೊಳ್ಳಬೇಡಿ.

ಇನ್ನು ನೀರಿನ ಗುಣ. ಬಚ್ಚಲಿನ ನಳದ ಬಾಯಿ ನೋಡಿ. ಬಿಳಿ ಪೊರೆ ಕಟ್ಟಿದ್ದರೆ ಗಡಸು ನೀರು. ಎರಡು ಬಾಟಲಿ ತುಂಬಿಕೊಂಡು ಬನ್ನಿ. ಒಂದರಲ್ಲಿ ತೊಗರಿ ಬೇಳೆ ಬೇಯಿಸಿ. ಬಹಳ ಹೊತ್ತಾದರೂ ಬೇಳೆ ಕರಗದೆ ಕಾಳುಕಾಳಾಗಿಯೇ ಉಳಿದರೆ, ಆ ನೀರಿನಲ್ಲಿ ದಿನಾ ಅಡುಗೆ ಮಾಡುವವರ ಕಷ್ಟ ನಿಮಗೇ ಅರ್ಥವಾಗುತ್ತದೆ. ಇನ್ನೊಂದು ಬಾಟಲಿಯನ್ನು ಪ್ರಯೋಗಾಲಯಕ್ಕೆ ಕೊಡಿ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಚೆಂದ, ಬೇರೆ ಮೂಲ ಇಲ್ಲದಿದ್ದಾಗ 2000ದವರೆಗೆ ಮಿತಿ ಇದೆ. ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಭಾಗದ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದರಿಂದ ಮಕ್ಕಳಿರುವ ಮನೆಯವರು ಈ ಪರೀಕ್ಷೆ ತಪ್ಪಿಸಲೇಬಾರದು.

ಎರೆ ನೆಲದ ಬಿರುಕು

ವಿಜಯಪುರದ ಹೊಸ ಬಡಾವಣೆಗಳಲ್ಲಿ ಎಷ್ಟೋ ಕಡೆ ನಿನ್ನೆ ಮೊನ್ನೆಯವರೆಗೆ ಜೋಳ ಬೆಳೆದ ಎರೆ ಹೊಲಗಳಿದ್ದವು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಪಾಯ ಗಟ್ಟಿಯಿಲ್ಲದಿದ್ದರೆ ಮನೆಯೂ ಅದರ ಜೊತೆ ಏಳುತ್ತ ಬೀಳುತ್ತ ಇರುತ್ತದೆ. ಏಪ್ರಿಲ್, ಮೇನಲ್ಲಿ ಬಿರುಕು ಬಾಯ್ದೆರೆದಿರುವುದರಿಂದ ನೋಡಲು ಸುಲಭ. ಗಿಲಾವಿನ ಮೇಲಿನ ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಕಿಲ್ಲ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ, ನಾಣ್ಯ ಹಿಡಿಸುವಷ್ಟು ಅಗಲದ ಬಿರುಕು ಕಂಡರೆ ಎಂಜಿನಿಯರನ್ನು ಕರೆತನ್ನಿ. ಎಲ್ಲ ಬಾಗಿಲುಗಳನ್ನೂ ಹಾಕಿ ತೆಗೆದು ನೋಡಿ, ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲೂ ಪಾಯದ ಸುದ್ದಿ ಹೇಳುತ್ತದೆ. ಎರೆ ತೆಗೆದು ಗರಸು (ಗಟ್ಟಿ ನೆಲ) ಹತ್ತುವ ತನಕ ಅಗೆದು ಪಾಯ ಹಾಕಿದ್ದಾರೆಯೇ ಎಂದು ಕಟ್ಟಿದ ಗೌಂಡಿಯನ್ನೇ ಹುಡುಕಿ ಕೇಳಿ.

ಬಿಸಿಲು ಮುಚ್ಚಿಟ್ಟ ದೋಷ

ನಮ್ಮ ಅಕ್ಕ ಮೇ ತಿಂಗಳಲ್ಲಿ ಮನೆ ಕೊಂಡಳು. ಹೊಸದಾಗಿ ಬಣ್ಣ ಹೊಡೆದ ಮನೆ, ಗೋಡೆ ಮಿರಮಿರ ಮಿಂಚುತ್ತಿತ್ತು. ಇಲ್ಲಿ ದೊಡ್ಡ ಮಳೆ ಸೆಪ್ಟೆಂಬರಿನಲ್ಲಿ. ಆ ಸೆಪ್ಟೆಂಬರಿನ ಒಂದು ರಾತ್ರಿ ದೇವರ ಜಗಲಿಯ ಮೇಲೇ ಹನಿ ಬೀಳತೊಡಗಿತು. ದೇವರುಗಳನ್ನು ಪಡಸಾಲೆಗೆ ತಂದಿಟ್ಟು ಬೆಳತನಕ ಕುಳಿತಿದ್ದಳು. ಮಾರುವ ಮುಂಚೆ ಒಂದೇ ಕೋಣೆಯ ಚಾವಣಿಗೆ ಎರಡು ಕೈ ಬಣ್ಣ ಏಕೆ ಬಿದ್ದಿತ್ತೆಂದು ಅಂದು ನಾವು ಯಾರೂ ಕೇಳಿರಲಿಲ್ಲ.

ನೀವು ಕೇಳಿ. ಮಾಲೀಕರ ಒಪ್ಪಿಗೆ ಪಡೆದು ಮಾಳಿಗೆಯ ನೀರು ಹೋಗುವ ಕೊಳವೆಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಿನಿಂದ ನೋಡಿ. ಟ್ಯಾಂಕರ್ ನೀರಿನ ಖರ್ಚು ನಿಮ್ಮದೇ ಇರಲಿ. ಕೊನೆಗೆ ಓಣಿಯ ಕಿರಾಣಿ ಅಂಗಡಿಯಲ್ಲಿ ನಿಂತು, ಜೋರು ಮಳೆಯಾದಾಗ ರಸ್ತೆಯಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ವಿಚಾರಿಸಿ.

ಕಾಗದ, ಹಣ

ಮನೆ ಮನಸ್ಸಿಗೆ ಬಂದಮೇಲೆ ಕಾಗದ. ಉತಾರ (ಆಸ್ತಿ ದಾಖಲೆಯ ಪ್ರತಿ), ಎನ್‌ಎ (ಕೃಷಿಯೇತರ ಬಳಕೆ) ಆದೇಶ, ಕಟ್ಟಡ ಪರವಾನಗಿ, ತೆರಿಗೆ ಪಾವತಿ ಕೇಳಿ ಪಡೆಯಿರಿ. ನಗರದ ಆಸ್ತಿಗೆ ಇ-ಖಾತಾ, ಗ್ರಾಮ ಪಂಚಾಯಿತಿ ಆಸ್ತಿಗೆ ಇ-ಸ್ವತ್ತಿನ 9, 11ನೇ ನಮೂನೆ ಇರಲೇಬೇಕು. ಮನೆಯ ಮೇಲೆ ಬೋಜಾ (ಸಾಲದ ಹೊರೆ) ಇದೆಯೇ ಎಂದು ತಿಳಿಯಲು ಋಣಭಾರ ಪ್ರಮಾಣಪತ್ರ ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು.

ಪಿತ್ರಾರ್ಜಿತ ಮನೆಯಾದರೆ ವಾಟ್ನಿ (ಪಾಲು ವಿಭಜನೆ) ಆಗಿದೆಯೇ ನೋಡಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಅಣ್ಣತಮ್ಮಂದಿರ ಸಹಿ ಮಾತ್ರ ಸಾಲದು. ಬೇಸಿಗೆಯಲ್ಲಿ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಅವರನ್ನೇ ಕಂಡು ಮಾತಾಡಿ, ಒಪ್ಪಿಗೆಯಿಂದ ಸಹಿ ಪಡೆಯಿರಿ. ಅವರ ಪಾಲು ಮುಚ್ಚಿಟ್ಟು ಮಾರುವ ಮನೆಯನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಸಂಚಕಾರವನ್ನು ಬ್ಯಾಂಕ್ ಮೂಲಕವೇ ಕೊಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನದನ್ನು ನಗದಾಗಿ ಪಡೆಯುವಂತಿಲ್ಲ. ಖರೇದಿ ಪತ್ರಕ್ಕೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಬಜೆಟ್ ಹಾಕುವಾಗಲೇ ಇದನ್ನು ಸೇರಿಸಿಕೊಳ್ಳಿ.

ಖರೇದಿ ಆದ ವಾರದೊಳಗೆ ಖಾತಾ ಬದಲಾವಣೆ, ಹೆಸ್ಕಾಂನ ವಿದ್ಯುತ್ ಮೀಟರ್, ನಳದ ಸಂಪರ್ಕ ಮೂರಕ್ಕೂ ನಿಮ್ಮ ಹೆಸರಿಗೆ ಅರ್ಜಿ ಕೊಡಿ. ಆಮೇಲೆ ಒಂದು ಬೆಳಿಗ್ಗೆ ಮಾಳಿಗೆ ಹತ್ತಿ ಕಸ ಗುಡಿಸಿ, ಕೊಳವೆಗಳ ಬಾಯಿ ಬಿಡಿಸಿ. ರೋಹಿಣಿ ಮಳೆಗೆ ಹೆಚ್ಚು ದಿನ ಉಳಿದಿರುವುದಿಲ್ಲ.