ಟ್ಯಾಟೂ ಆರಿಸೋ ಆ್ಯಪ್ ಮಾಡಿದ್ದು: ಎಆರ್ ಕೈಕೊಡ್ತು, ಹತ್ತು ರೂಪಾಯಿ ನಾಣ್ಯ ಕೈಹಿಡೀತು

ಟ್ಯಾಟೂ ಹಾಕಿಸ್ಕೊಳ್ಳೋ ಮುಂಚೆನೇ ಮೈಮೇಲೆ ಹೆಂಗೆ ಕಾಣುತ್ತೆ ಅಂತ ತೋರಿಸೋ ನಮ್ಮ ಆ್ಯಪಿಗೆ ಹೋದ ವಾರ ಹನ್ನೊಂದನೇ ಟ್ಯಾಟೂ ಸ್ಟುಡಿಯೋ ದುಡ್ಡು ಕಟ್ತು. ಎರಡು ವರ್ಷದ ಹಿಂದೆ ಇದೇ ಐಡಿಯಾ ಹೇಳಿದಾಗ "ಲೈವ್ ಎಆರ್ ಇಲ್ದೇ ಟ್ಯಾಟೂ ಆ್ಯಪ್ ಯಾವನ್ ಹಾಕ್ಕೊಳ್ತಾನೆ ಗುರು" (ಎಆರ್ ಅಂದ್ರೆ ಆಗ್ಮೆಂಟೆಡ್ ರಿಯಾಲಿಟಿ, ಕ್ಯಾಮೆರಾದಲ್ಲಿ ಕಾಣೋ ಕೈ ಮೇಲೆ ಆಗಿಂದಾಗ್ಲೇ ಡಿಸೈನ್ ಕೂರಿಸಿ ತೋರಿಸೋದು) ಅಂದಿದ್ದ ಗೆಳೆಯರೇ ಈಗ ಫೋನ್ ಮಾಡಿ ಹೆಂಗ್ ಮಾಡ್ದೆ ಅಂತ ಕೇಳ್ತಿದಾರೆ. ಒಬ್ಬೊಬ್ರಿಗೂ ಬೇರೆ ಬೇರೆ ಹೇಳೋ ಬದ್ಲು ಒಂದೇ ಸಲ ಬರೆದುಬಿಡ್ತೀನಿ. ಫ್ಲಟರ್ (ಆ್ಯಪ್ ಕಟ್ಟೋ ಟೂಲ್) ಸೆಟಪ್, ಫಿಗ್ಮಾ (ಸ್ಕ್ರೀನ್ ಡಿಸೈನ್ ಮಾಡೋ ಟೂಲ್), ಪ್ಲೇ ಸ್ಟೋರಿಗೆ ಹಾಕೋದು ಎಲ್ಲ ನಿಮಗೆ ಗೊತ್ತಿರೋದೇ, ಅದಕ್ಕೆ ಕೈ ಹಾಕಲ್ಲ. ಲೆಕ್ಕ ಎಲ್ಲ ನೆನಪಿಂದ ಬರೀತಿರೋದು, ಐದು ಹತ್ತು ಸಾವಿರ ಹೆಚ್ಚುಕಮ್ಮಿ ಇರುತ್ತೆ.

ಮೊದಲ ಆರು ತಿಂಗಳು ನಾನೂ ಎಲ್ಲರ ಥರ ಎಆರ್ ಹಿಂದೇನೇ ಬಿದ್ದಿದ್ದೆ. ಗೂಗಲ್‌ನ ಎಆರ್ ಟೂಲ್ ಎಆರ್‌ಕೋರ್‌ನಲ್ಲಿ ಮುಖಕ್ಕೆ ಸಪೋರ್ಟ್ ಇದೆ, ಕೈ ತೋಳಿಗೆ ಇಲ್ಲ. ಸರಿ ಅಂತ ಮೀಡಿಯಾಪೈಪ್ ತಗೊಂಡ್ವಿ, ಅದು ಕ್ಯಾಮೆರಾ ಚಿತ್ರದಲ್ಲಿ ಕೈ, ಮೈ ಎಲ್ಲಿದೆ ಅಂತ ಪಾಯಿಂಟ್ ಗುರುತಿಸೋ ಟೂಲ್. ಅದ್ರಲ್ಲಿ ಅಂಗೈಗೆ 21 ಪಾಯಿಂಟು, ಇಡೀ ಮೈಗೆ 33 ಪಾಯಿಂಟು ಸಿಗುತ್ತೆ, ಕೇಳೋಕೆ ಚೆನ್ನಾಗಿದೆ. ಆದ್ರೆ ಟ್ಯಾಟೂ ಕೂರೋದು ಮೊಣಕೈಗೂ ಮಣಿಕಟ್ಟಿಗೂ ನಡುವೆ ಇರೋ ಜಾಗದಲ್ಲಿ, ಅಲ್ಲಿ ಒಂದು ಪಾಯಿಂಟೂ ಇಲ್ಲ, ಎರಡು ತುದಿ ಮಾತ್ರ. ಕೈ ಒಂಚೂರು ತಿರುಚಿದ್ರೆ ಚರ್ಮ ತಿರುಗುತ್ತೆ, ಡಿಸೈನ್ ಮಾತ್ರ ಇದ್ದಲ್ಲೇ ನಿಂತಿರುತ್ತೆ, ಎಣ್ಣೆ ಮೇಲೆ ಸ್ಟಿಕ್ಕರ್ ಅಂಟಿಸಿದ ಹಾಗೆ ಜಾರುತ್ತೆ. ನನ್ನ ಫೋನಲ್ಲಿ ತಕ್ಕಮಟ್ಟಿಗೆ ಓಡ್ತಿತ್ತು, ಹತ್ತು ಸಾವಿರದ ಫೋನಲ್ಲಿ ಸೆಕೆಂಡಿಗೆ ಎಂಟೊಂಬತ್ತು ಫ್ರೇಮು, ಐದು ನಿಮಿಷಕ್ಕೆ ಫೋನ್ ಕಾವಲಿ ಥರ ಕಾಯ್ತಿತ್ತು. ಇದನ್ನ ಸರಿ ಮಾಡ್ತೀನಿ ಅಂತ ಬಂದ ಒಬ್ಬ ಫ್ರೀಲ್ಯಾನ್ಸರಿಗೆ ಮೂರು ಕಂತಲ್ಲಿ ₹1,80,000 ಕೊಟ್ಟೆ. ಮೂರನೇ ಕಂತು ಆದ್ಮೇಲೆ ಅವ್ನು ಮೆಸೇಜ್ ನೋಡೋದೇ ಬಿಟ್ಟ. ಆ ದುಡ್ಡು ನನ್ನ ಹೆಂಡತಿ ಚೀಟಿ ಎತ್ತಿ ಕೊಟ್ಟಿದ್ದು, ಈಗ ನೆನೆಸ್ಕೊಂಡ್ರೂ ಹೊಟ್ಟೆ ಉರಿಯುತ್ತೆ.

ದಾರಿ ತೋರಿಸಿದ್ದು ರಾಜಾಜಿನಗರದ ಒಬ್ರು ಟ್ಯಾಟೂ ಆರ್ಟಿಸ್ಟು. ಹದಿನೈದು ವರ್ಷದಿಂದ ಸೂಜಿ ಹಿಡಿದವ್ರು, ನಾನು ಅಣ್ಣ ಅಂತೀನಿ. ಡೆಮೋ ನೋಡಿ ಹೇಳಿದ್ರು, "ಕೈ ಅಲ್ಲಾಡಿಸ್ಕೊಂಡು ನೋಡೋದು ಆಟ ಕಣೋ. ನನ್ನ ಹತ್ರ ಬರೋರ್ಗೆ ಮೂರೇ ಡೌಟು, ಎಷ್ಟು ದೊಡ್ಡದು ಕಾಣುತ್ತೆ, ನನ್ನ ಬಣ್ಣಕ್ಕೆ ಹೊಂದುತ್ತಾ, ಆಮೇಲೆ ಬೇಜಾರಾದ್ರೆ? ಇದಕ್ಕೆ ಉತ್ತರ ಕೊಡು." ಅವತ್ತು ರಾತ್ರಿನೇ ಎಆರ್ ಕೋಡಿನ ಕೆಲಸ ಮುಚ್ಚಿದೆ. ಒಂದು ಸ್ಟಿಲ್ ಫೋಟೋ, ಅದರ ಮೇಲೆ ಡಿಸೈನ್, ಅಷ್ಟೇ. ನನ್ನ ಜೊತೆ ಇದ್ದ ಪಾರ್ಟ್‌ನರ್ "ಇದು 2012ರ ಆ್ಯಪ್ ಥರ ಇದೆ" ಅಂತ ಹೇಳಿ ಬಿಟ್ಟುಹೋದ.

ಸೈಜ್ ವಿಷಯಕ್ಕೆ ಬರ್ತೀನಿ. ಫೋಟೋದಲ್ಲಿ ಕೈ ಎಷ್ಟು ಅಗಲ ಅಂತ ಗೊತ್ತಾಗ್ಬೇಕಾದ್ರೆ ಪಕ್ಕದಲ್ಲಿ ಅಳತೆ ಗೊತ್ತಿರೋ ವಸ್ತು ಒಂದು ಬೇಕು. ಮೊದಲು ಎಟಿಎಂ ಕಾರ್ಡ್ ಇಡೋಕೆ ಹೇಳಿದ್ವಿ, ಯಾವ ಬ್ಯಾಂಕಿಂದಾದ್ರೂ 85.6 ಮಿ.ಮೀ. ಉದ್ದನೇ ಇರುತ್ತೆ. ಟೆಸ್ಟಿಂಗಿಗೆ ಕೊಟ್ಟ ಎರಡನೇ ದಿನ ಸರ್ವರ್ ತೆಗೆದು ನೋಡ್ತೀನಿ, ಜನ ಕಾರ್ಡ್ ನಂಬರ್, ಹೆಸರು, ಎಕ್ಸ್‌ಪೈರಿ ಎಲ್ಲ ಕಾಣೋ ಹಾಗೆ ಫೋಟೋ ಹಾಕಿದಾರೆ! ಎದೆ ಧಸಕ್ ಅಂತು. ಎಲ್ಲ ಅಳಿಸಿ, ಅವ್ರಿಗೆಲ್ಲ ಮೆಸೇಜ್ ಹಾಕಿ, ಅವತ್ತಿಂದ ಫೋಟೋ ಫೋನ್ ಬಿಟ್ಟು ಹೊರಗೆ ಹೋಗ್ದೇ ಇರೋ ಹಾಗೆ ಮಾಡ್ದೆ. ಕಾರ್ಡ್ ಜಾಗಕ್ಕೆ ಹತ್ತು ರೂಪಾಯಿ ನಾಣ್ಯ ಬಂತು. 27 ಮಿ.ಮೀ., ನಡುವೆ ಬಿಳಿ ಸುತ್ತ ಹಳದಿ ಎರಡು ಲೋಹ ಇರೋದ್ರಿಂದ ಚರ್ಮದ ಮೇಲೆ ಹುಡುಕೋದೂ ಸುಲಭ. ಕೈ ಮೇಲಿಟ್ಟಾಗ ನಾಣ್ಯ ಪೂರ್ತಿ ದುಂಡಗೆ ಕಾಣಲ್ಲ, ಸ್ವಲ್ಪ ಮೊಟ್ಟೆ ಆಕಾರ ಬರುತ್ತೆ. ಅದು ತಲೆನೋವು ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ ಅದೇ ವರ, ಯಾಕಂದ್ರೆ ಆ ಓರೆಯಿಂದನೇ ಕ್ಯಾಮೆರಾ ಯಾವ ಕೋನದಲ್ಲಿದೆ ಅಂತ ತಿಳಿಯುತ್ತೆ. ಅಲ್ಲಿಂದ ತೋಳಿನ ಬಾಗು ಹೆಂಗೆ ಲೆಕ್ಕ ಹಾಕ್ತೀನಿ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ನಾಲ್ಕು ತಿಂಗಳು ನಿದ್ದೆ ಬಿಟ್ಟಿದೀನಿ.

ಬಣ್ಣದ್ದು ಇನ್ನೊಂದು ಕತೆ. ದುಡ್ಡು ಕೊಟ್ಟು ತಂದ ಡಿಸೈನುಗಳ ಸ್ಯಾಂಪಲ್ ಎಲ್ಲ ಬೆಳ್ಳಗಿನ ಕೈ ಮೇಲಿದ್ವು. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಕೈ ಮೇಲೆ ಅದೇ ಹಳದಿ ಹೂವು ಮಾಸಿದ ಅರಿಶಿನದ ಕಲೆ ಥರ ಕಾಣುತ್ತೆ. ಇಂಕ್ ಕೂರೋದು ಒಳಚರ್ಮದಲ್ಲಿ, ನಾವು ಅದನ್ನ ನೋಡೋದು ಮೇಲ್ಚರ್ಮದ ಮೂಲಕ, ಅಂದ್ರೆ ಬಣ್ಣದ ಗಾಜಿನ ಹಿಂದಿಟ್ಟ ಚಿತ್ರ ನೋಡಿದಂಗೆ. ಮಲ್ಟಿಪ್ಲೈ (ಎರಡು ಚಿತ್ರದ ಬಣ್ಣ ಗುಣಿಸಿ ಬೆರೆಸೋ ವಿಧಾನ) ಹಾಕಿ ಕೈ ತೊಳ್ಕೊಂಡ್ರೆ ಕಪ್ಪು ಸರಿ ಬರುತ್ತೆ, ಉಳಿದ ಬಣ್ಣ ಎಲ್ಲ ಸುಳ್ಳು ಹೇಳುತ್ತೆ. ಹಾಗಾಗಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ತಿದ್ದುಪಡಿ ಕೂರಿಸಿದೀನಿ, ರಾಜಾಜಿನಗರದ ಅಣ್ಣ ಅವರ ಸ್ಟುಡಿಯೋದ ಹಳೇ ಗಿರಾಕಿಗಳನ್ನ ಕೇಳಿ, ಅವ್ರು ಒಪ್ಪಿದ್ಮೇಲೆ ತರಿಸಿಕೊಟ್ಟ ನೂರಿಪ್ಪತ್ತು ಫೋಟೋ ನೋಡ್ಕೊಂಡು. ಆದ್ರೂ ಕೆಲವು ಫೋನಲ್ಲಿ ಕೈ ಬೆಳ್ಳಗೇ ಬರ್ತಿತ್ತು. ಎರಡು ವಾರ ಕೋಡಲ್ಲಿ ಬಗ್ ಹುಡುಕಿದೀನಿ, ಕೊನೆಗೆ ನೋಡಿದ್ರೆ ಕಾರಣ ಫೋನಿನ ಬ್ಯೂಟಿ ಮೋಡ್! ಅದು ಮುಖದ ಜೊತೆ ಕೈಯನ್ನೂ ಬಿಳಿ ಮಾಡಿ ಗ್ಯಾಲರಿಗೆ ಹಾಕ್ತಿತ್ತು. ಅವತ್ತೇ ಗ್ಯಾಲರಿ ಬಟನ್ ಕಿತ್ತುಹಾಕಿ, ಆ್ಯಪ್ ಒಳಗಿನ ಕ್ಯಾಮೆರಾದಲ್ಲೇ ತೆಗೀಬೇಕು ಅಂತ ಮಾಡ್ದೆ.

ಈಗ ನಿಜವಾಗ್ಲೂ ನಂಗೆ ಹೆಮ್ಮೆ ಇರೋ ಭಾಗ. ಆ್ಯಪಲ್ಲಿ ಬೆರಳಲ್ಲಿ ಎಳೆಯೋ ಒಂದು ಪಟ್ಟಿ (ಸ್ಲೈಡರ್) ಇದೆ, ಎಳೆದ್ರೆ ನಿಮ್ಮ ಟ್ಯಾಟೂ ಐದು, ಹತ್ತು, ಇಪ್ಪತ್ತು ವರ್ಷದ ನಂತರ ಹೆಂಗೆ ಕಾಣುತ್ತೆ ಅಂತ ತೋರಿಸುತ್ತೆ. ಇದನ್ನ ಕೇಳಿ ನಕ್ಕವರೇ ಎಲ್ಲ. ಮಾರೋ ಮಾಲು ಹಳೇದಾದ್ಮೇಲೆ ಹೆಂಗೆ ಕಾಣುತ್ತೆ ಅಂತ ಯಾವನಾದ್ರೂ ತೋರಿಸ್ತಾನಾ ಅಂದ್ರು. ನಂಗೆ ಇದು ಹೊಳೆದಿದ್ದು ತಿಪಟೂರಿನ ಹತ್ರ ನಮ್ಮೂರಲ್ಲಿ, ಅಜ್ಜಿ ಕೈ ನೋಡಿ. ಅವ್ರಿಗೆ ಮದುವೆಗೆ ಮುಂಚೆ ಜಾತ್ರೇಲಿ ಹಾಕಿಸಿದ ಹಚ್ಚೆ, ಮುಂಗೈ ಮೇಲೆ ಒಂದು ಚೇಳು, ಸುತ್ತ ಚುಕ್ಕಿ. ಅರವತ್ತು ವರ್ಷದ ಹಚ್ಚೆ! ಚುಕ್ಕಿ ಎಲ್ಲ ಹರಡಿ ಮೆಂತ್ಯ ಕಾಳಿನಷ್ಟಾಗಿದೆ, ಕಪ್ಪು ಹೋಗಿ ಹಸಿರುನೀಲಿ ಆಗಿದೆ, ಚೇಳಿನ ಕಾಲುಗಳು ಒಂದಕ್ಕೊಂದು ಕೂಡ್ಕೊಂಡು ಬಾಚಣಿಗೆ ಹಲ್ಲು ಥರ ಕಾಣುತ್ತೆ. ಟ್ಯಾಟೂ ಹಳೇದಾಗೋದಕ್ಕೆ ಇದಕ್ಕಿಂತ ಒಳ್ಳೇ ಡೇಟಾ ಎಲ್ಲಿ ಸಿಗುತ್ತೆ ಹೇಳಿ. ನಾಣ್ಯ ಇಟ್ಟು ಫೋಟೋ ತೆಗೆದೆ. "ಏನ್ಲಾ ಮಗ, ಕೈ ಮ್ಯಾಲೆ ದುಡ್ಡಿಕ್ತೀಯ, ಕಾಣಿಕೆಯಾ?" ಅಂದ್ರು. ವಿಷಯ ಹೇಳಿದ್ಮೇಲೆ, "ಸಾಯೋವಾಗ ಓಲೆ ಬಳೆ ಎಲ್ಲ ಬಿಚ್ಕತಾರೆ, ಇದೊಂದು ಮಾತ್ರ ನನ್ ಜೊತೇಲಿ ಬರೋದು, ಅದ್ಕೆ ನೋಡಿ ಹಾಕುಸ್ಕಬೇಕು" ಅಂದ್ರು. ಆಮೇಲೆ ಅವ್ರೇ ಊರಲ್ಲಿ ಇರೋ ವಾರಗೆಯವರನ್ನೆಲ್ಲ ಜಗಲಿಗೆ ಕರೆಸಿದ್ರು. ಮೂರು ಹಬ್ಬಕ್ಕೆ ಊರಿಗೆ ಹೋಗಿ ಎಪ್ಪತ್ತು ಎಪ್ಪತ್ತೆರಡು ಕೈ ಫೋಟೋ ಮಾಡ್ದೆ. ಒಬ್ಬೊಬ್ಬರಿಗೂ ಎಲೆ ಅಡಿಕೆ, ಬಾಳೆಹಣ್ಣು ಕೊಟ್ಟೆ, ದುಡ್ಡು ಯಾರೂ ಮುಟ್ಟಲಿಲ್ಲ. ಕೈಸೂಜಿ ಹಚ್ಚೆಗೂ ಈಗಿನ ಮಷಿನ್ ಕೆಲಸಕ್ಕೂ ವ್ಯತ್ಯಾಸ ಇದೆ, ಅದಕ್ಕೆ ಐದಾರು ವರ್ಷದ ಮಷಿನ್ ಟ್ಯಾಟೂ ಫೋಟೋಗಳನ್ನ ಇದರ ಜೊತೆ ಕೂಡಿಸಿ ಗೆರೆ ಹರಡೋ ಲೆಕ್ಕ ಮಾಡಿದೀನಿ. ಯಾವುದಕ್ಕೆ ಎಷ್ಟು ತೂಕ ಅಂತ ಕೇಳ್ಬೇಡಿ.

ಈ ಪಟ್ಟಿ ಬಂದ್ಮೇಲೆ ಸಣ್ಣ ಕನ್ನಡ ಅಕ್ಷರ ಆರಿಸೋರು ತಾವೇ ದೊಡ್ಡದು ಮಾಡ್ಕೊಳ್ಳೋಕೆ ಶುರು ಮಾಡಿದ್ರು. ಇಂಗ್ಲಿಷಿನ ಐ, ಎಲ್ ಥರ ನೆಟ್ಟಗಿನ ಗೆರೆ ಅಲ್ಲ ನಮ್ದು, ಅ, ಜ, ಣ ಎಲ್ಲದರಲ್ಲೂ ಸುಳಿ ಇದೆ, ಸಣ್ಣದಾಗಿ ಹಾಕಿದ್ರೆ ಸುಳಿ ಒಳಗಿನ ಜಾಗ ಕೆಲವೇ ವರ್ಷದಲ್ಲಿ ಮುಚ್ಚಿಹೋಗುತ್ತೆ. ನಮ್ಮ ಆ್ಯಪಲ್ಲಿ ಅಕ್ಷರ 8 ಮಿ.ಮೀ. ಎತ್ತರಕ್ಕಿಂತ ಕೆಳಗೆ ಹೋಗೋದೇ ಇಲ್ಲ, ಒತ್ತಕ್ಷರ ಇದ್ರೆ 11.

ಒತ್ತಕ್ಷರ ಅಂದಾಗ ಇದನ್ನ ಹೇಳ್ಲೇಬೇಕು. ಟೆಸ್ಟಿಂಗ್ ಟೈಮಲ್ಲಿ ಒಬ್ಬ ಹುಡುಗ ನಮ್ಮ ಆ್ಯಪಲ್ಲಿ "ಅಮ್ಮ" ಅಂತ ಟೈಪ್ ಮಾಡಿ, ಫಾಂಟ್ ಇಷ್ಟ ಆಗಿ, ಪದಾನ ಕಾಪಿ ಮಾಡಿ ಒಂದು ಸ್ಟುಡಿಯೋಗೆ ವಾಟ್ಸಾಪ್ ಮಾಡ್ದ. ಅಲ್ಲಿ ಅದನ್ನ ಹಳೇ ಫೋಟೋಶಾಪಿಗೆ ಪೇಸ್ಟ್ ಮಾಡಿದಾರೆ, ನಮ್ಮ ಲಿಪಿಗಳನ್ನ ಸರಿಯಾಗಿ ಜೋಡಿಸೋ ಸೌತ್ ಏಷ್ಯನ್ ಸೆಟ್ಟಿಂಗ್ ಆನ್ ಇಲ್ಲ, ಒತ್ತು ಒಡೆದು "ಅಮ್‌ಮ" ಆಗಿದೆ. ಹಾಕೋರಿಗೆ ಕನ್ನಡ ಓದೋಕೆ ಬರಲ್ಲ, ಈ ಹುಡುಗ ನೋವಿಗೆ ಕಣ್ಣು ಮುಚ್ಚಿಕೊಂಡಿದ್ದ. ಎದೆ ಮೇಲೆ ನಾಲ್ಕು ಇಂಚು ಅಗಲ! ಅವ್ನು ಫೋಟೋ ಕಳಿಸಿದಾಗ ನಂಗೆ ಊಟ ಸೇರ್ಲಿಲ್ಲ. ಅಣ್ಣ ಆ ಅರ್ಧ ಮ್ ಮತ್ತೆ ಮ ಸೇರಿಸಿ ಒಂದು ಎಲೆ ಬಳ್ಳಿ ಬರೆದು ಮುಚ್ಚಿ, ಪಕ್ಕದಲ್ಲಿ ಸರಿಯಾಗಿ ಬರೆದುಕೊಟ್ರು, ಅದರ ₹6,000 ನಾನೇ ಕೊಟ್ಟೆ. ಅವತ್ತಿಂದ ಆ್ಯಪಿಂದ ಅಕ್ಷರ ಟೆಕ್ಸ್ಟ್ ಆಗಿ ಆಚೆ ಹೋಗೋದೇ ಇಲ್ಲ, ಅಕ್ಷರದ ಆಕಾರ ಗೆರೆಯಾಗಿ ಇರೋ ಔಟ್‌ಲೈನ್ ಫೈಲ್ ಮಾತ್ರ, ಅಳತೆ ಸಮೇತ. ಅರ್ಕಾವೊತ್ತಿಗೂ ಎರಡೂ ರೂಪ ತೋರಿಸ್ತೀವಿ, "ಸೂರ್ಯ" ಬೇಕಾ "ಸೂರ‍್ಯ" ಬೇಕಾ ಅಂತ. ಹತ್ತಕ್ಕೆ ಮೂರು ಜನ ಎರಡನೇದನ್ನ ಆರಿಸ್ತಾರೆ.

ಫಾಂಟ್ ಅಂತ ಶುರುವಾಗಿದ್ದು ಬೇರೆ ಕಡೆಗೂ ಹೋಯ್ತು. ಮೊದಲು ಬಲೂ ತಮ್ಮ, ಅನೇಕ್ ಕನ್ನಡ ಥರ ಓಪನ್ ಲೈಸೆನ್ಸ್ ಇರೋವೇ ಹಾಕಿದ್ವಿ. ಎಲ್ಲ ನೀಟು, ಆದ್ರೆ ಮೈಮೇಲೆ ಕಂಪ್ಯೂಟರ್ ಪ್ರಿಂಟ್ ಥರ ಕಾಣ್ತಿತ್ತು. ಎಐ ಇಮೇಜ್ ಟೂಲಲ್ಲಿ ಕನ್ನಡ ಬರೆಸಿ ನೋಡ್ದೆ, ಕನ್ನಡದ ಹಾಗೇ ಕಾಣೋ ಆದ್ರೆ ಯಾವ ಅಕ್ಷರವೂ ಅಲ್ಲದ ಸುರುಳಿಗಳು ಬಂದ್ವು, ಅದಕ್ಕೆ ಕಟ್ಟಿದ ₹4,000 ನೀರಲ್ಲಿ ಹೋಮ. ಆಗ ಅಂಗಡಿ ಬೋರ್ಡು, ಲಾರಿ ಹಿಂದೆ ಬರೆಯೋ ಒಬ್ರು ಪೇಂಟರನ್ನ ಹುಡುಕಿದೆ. ಫ್ಲೆಕ್ಸ್ ಬಂದ್ಮೇಲೆ ಅವ್ರಿಗೆ ಕೆಲಸ ಕಮ್ಮಿ ಆಗಿತ್ತು. ಪದಕ್ಕೆ ₹150 ಅಂತ ಮಾತಾಡಿ ಅಪ್ಪ, ಅಮ್ಮ, ಶಕ್ತಿ, ಧೈರ್ಯ ಅಂತ ಅರವತ್ತು ಪದ ಚಪ್ಪಟೆ ಬ್ರಷ್ಷಲ್ಲಿ ಬರೆಸಿದೆ, ತಲೆಕಟ್ಟಿನ ಕೊನೆ ಮೇಲಕ್ಕೆ ಎತ್ತೋ ಅವರ ಒಂದು ತಿರುವು ಇದ್ಯಲ್ಲ, ಅದು ಯಾವ ಫಾಂಟಲ್ಲೂ ಇಲ್ಲ. ಈಗ ಆ್ಯಪಲ್ಲಿ ಕನ್ನಡ ಆರಿಸೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಗೊಳ್ಳೋದು ಅವರ ಕೈಬರಹಾನೇ, ಒಂದೊಂದು ಡೌನ್‌ಲೋಡಿಗೂ ಅವ್ರಿಗೆ ₹10 ಹೋಗುತ್ತೆ.

ಇನ್ನು ಬೇಜಾರಾದ್ರೆ ಅನ್ನೋ ಡೌಟು. ಇದಕ್ಕೆ 21 ದಿನ ಕಾಯಿಸ್ತೀವಿ. ಆರಿಸಿದ ಡಿಸೈನ್ ಫೋನಿನ ವಾಲ್‌ಪೇಪರ್ ಆಗಿ ಕೂರುತ್ತೆ, ಬೇಕಾದ್ರೆ ತಾತ್ಕಾಲಿಕ ಟ್ಯಾಟೂ ಪೇಪರಲ್ಲಿ ಪ್ರಿಂಟ್ ಮಾಡಿ ಮನೆಗೆ ಕಳಿಸ್ತೀವಿ (ಮೊದಲ ಸಲ ಡಿಸೈನನ್ನ ಕನ್ನಡೀಲಿ ಕಾಣೋ ಹಾಗೆ ಉಲ್ಟಾ ತಿರುಗಿಸೋದು ಮರೆತು ನಲವತ್ತು ಶೀಟ್ ದಂಡ ಆಯ್ತು, ನೀವು ಮರೀಬೇಡಿ), ಕೊನೇಲಿ "ಇನ್ನೂ ಬೇಕಾ?" ಅಂತ ಕೇಳುತ್ತೆ. ಸೇನೆಗೆ ಸೇರೋ ಆಸೆ ಇದ್ಯಾ ಅಂತ ಮೊದಲೇ ಕೇಳ್ತೀವಿ, ಯಾಕಂದ್ರೆ ಭರ್ತಿಗೆ ಹೋಗೋ ಹುಡುಗ್ರು ಗೊತ್ತಿಲ್ದೆ ತೋಳಿನ ಮೇಲ್ಭಾಗಕ್ಕೆ ಹಾಕಿಸ್ಕೊಂಡು ಬರ್ತಾರೆ, ಅಲ್ಲಿ ಸಾಮಾನ್ಯವಾಗಿ ಒಪ್ಪೋದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ, ಅಂಗೈ ಹಿಂಬದಿ ಅಷ್ಟೇ. 21 ದಿನ ಅಂದಾಗ ಸ್ಟುಡಿಯೋದವ್ರು ಕೈ ಮುಗಿದು ಕಳಿಸಿದ್ರು, ಬಂದ ಗಿರಾಕೀನ ಓಡಿಸ್ತೀಯಾ ಅಂತ. ಅಣ್ಣ ಒಬ್ರೇ ಮೂರು ತಿಂಗಳು ನೋಡೋಣ ಅಂದ್ರು. ನೂರರಲ್ಲಿ ನಲವತ್ತು ಜನ ಮನಸು ಬದಲಾಯಿಸಿದ್ರು, ನಿಜ. ಆದ್ರೆ ಉಳಿದ ಅರವತ್ತು ಜನ ಅಡ್ವಾನ್ಸ್ ಕಟ್ಟಿ, ಹೇಳಿದ ಟೈಮಿಗೆ ಬಂದು, ಚೌಕಾಸಿ ಮಾಡ್ದೆ ದೊಡ್ಡ ಸೈಜೇ ಹಾಕಿಸ್ಕೊಂಡ್ರು. ಅವರ ಸ್ಟುಡಿಯೋದಲ್ಲಿ ಬುಕ್ ಮಾಡಿ ಬರದೇ ಇರೋದು ವಾರಕ್ಕೆ ಐದಾರು ಇದ್ದಿದ್ದು ಒಂದಕ್ಕೆ ಇಳೀತು. ಈ ಲೆಕ್ಕ ತಗೊಂಡು ಹೋದ್ಮೇಲೇ ಉಳಿದ ಹತ್ತು ಸ್ಟುಡಿಯೋ ಬಂದಿದ್ದು.

ಒಟ್ಟು ಖರ್ಚು ₹4.6 ಲಕ್ಷದ ಹತ್ರ. ಈಗ ಸ್ಟುಡಿಯೋಗಳಿಂದ ತಿಂಗಳಿಗೆ ₹1,499ರಂತೆ ಹದಿನಾರು ಸಾವಿರ ಚಿಲ್ಲರೆ, ಡಿಸೈನ್ ಡೌನ್‌ಲೋಡಿಂದ ಪ್ಲೇ ಸ್ಟೋರ್ ಪಾಲು 15% ಕಳೆದು ಏಳೆಂಟು ಸಾವಿರ. ಚೀಟಿ ದುಡ್ಡು ಮುಕ್ಕಾಲು ಭಾಗ ವಾಪಸ್ ಕೊಟ್ಟಾಗಿದೆ.

ಸದ್ಯಕ್ಕೆ ಕತ್ತಿನ ಹಿಂಭಾಗ, ಬೆನ್ನು ಒದ್ದಾಡಿಸ್ತಿದೆ, ನಿಂತೋರ ಮೇಲೆ ನಾಣ್ಯ ನಿಲ್ಲಲ್ವಲ್ಲ. ಸ್ಟಿಕ್ಕರ್ ಬೊಟ್ಟು ಅಂಟಿಸಿ ನೋಡ್ದೆ, ಒಂದೊಂದು ಕಂಪನಿದು ಒಂದೊಂದು ಸೈಜು, ಒಂದೇ ಪ್ಯಾಕೆಟಲ್ಲೂ ವ್ಯತ್ಯಾಸ. ಈಗ 27 ಮಿ.ಮೀ.ದೇ ದುಂಡನೆ ಸ್ಟಿಕ್ಕರ್ ಪ್ರಿಂಟ್ ಮಾಡಿಸಿ ಸ್ಟುಡಿಯೋಗಳಿಗೆ ಹಂಚಿದೀನಿ, ಸಾವಿರಕ್ಕೆ ₹700 ಬಿತ್ತು, ಬೆವರಿಗೆ ಅಂಟು ಬಿಡ್ತಿದೆ. ಬೆವರಿಗೆ ನಿಲ್ಲೋ, ಆದ್ರೆ ಚರ್ಮ ಕೆಂಪಗಾಗದ ಅಂಟು ಯಾರಿಗಾದ್ರೂ ಗೊತ್ತಿದ್ರೆ ಹೇಳಿ.